ನೀಲಿಯನ್ನು ಹಾಗೇ ಬಿಡಿ

ಊರಿನ ಆರ್ಕೆಸ್ಟ್ರಾ, ಕಾಲೇಜಿನ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಗಣೇಶನ ಮೆರವಣಿಗೆ ಎಲ್ಲೇ ಹೋದರೂ ಈಗ ಒಂದು ಬಣ್ಣದ ಲೇಸರ್ ಪೆಟ್ಟಿಗೆ ಇರುತ್ತದೆ. ಅದರ ಹಿಂಬದಿಯಲ್ಲಿ 1 ವಾಟ್, 2 ವಾಟ್, 3 ವಾಟ್ ಎಂದು ಚೀಟಿ ಅಂಟಿಸಿರುತ್ತಾರೆ. ಮಾರುವವರು ಮೊದಲು ಹೇಳುವುದು ಆ ಸಂಖ್ಯೆಯನ್ನೇ, ಸೌಂಡ್ ಅಂಡ್ ಲೈಟಿನವರ ಹತ್ತಿರ ಬಾಡಿಗೆ ಮಾತಾಡುವವರು ಕೇಳುವುದೂ ಅದನ್ನೇ. ಕಡಿಮೆ ಬೆಲೆಯ ಪೆಟ್ಟಿಗೆಯನ್ನು ಕೊಂಡು, ಮುಚ್ಚಳ ಬಿಚ್ಚಿ, ಒಳಗಿನ ಡಯೋಡ್ ತೆಗೆದು ಇನ್ನೂ ಜೋರಾದದ್ದನ್ನು ಕೂರಿಸಬೇಕೆಂಬ ಆಸೆ ಹುಟ್ಟುವುದೂ ಆ ಸಂಖ್ಯೆಯಿಂದಲೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಿ ಬೆಳೆದ ಯಾರಿಗಾದರೂ ಈ ಆಸೆ ಅರ್ಥವಾಗುತ್ತದೆ.

ಪೆಟ್ಟಿಗೆ ಬಿಚ್ಚುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಕೊಂಡ ವಸ್ತುವಿನ ಒಳಗೇನಿದೆ ಎಂದು ನೋಡುವ ಕುತೂಹಲದಿಂದಲೇ ನಮ್ಮ ಎಷ್ಟೋ ಒಳ್ಳೆಯ ಎಂಜಿನಿಯರುಗಳು ತಯಾರಾಗಿದ್ದಾರೆ. ಅಗ್ಗದ ಪೆಟ್ಟಿಗೆಯನ್ನು ಕೈಯಾರೆ ಉತ್ತಮಪಡಿಸಲು ನಿಜವಾಗಿಯೂ ಸಾಧ್ಯವಿದೆ. ನನ್ನ ತಕರಾರು ಅದರೊಳಗೆ ಏನನ್ನು ಹಾಕುತ್ತಾರೆ ಎಂಬುದರ ಬಗ್ಗೆ. ವಾಟ್ ಹೆಚ್ಚಿಸಲು ಹೊರಟವರು ಸಾಮಾನ್ಯವಾಗಿ ನೀಲಿ ಡಯೋಡಿಗೆ ಕೈ ಹಾಕುತ್ತಾರೆ, ಯಾಕೆಂದರೆ ಒಂದು ರೂಪಾಯಿಗೆ ಅತಿ ಹೆಚ್ಚು ವಾಟ್ ಸಿಗುವುದು ಅಲ್ಲಿ. ಕಣ್ಣಿಗೆ ಅತಿ ಕಡಿಮೆ ಕಾಣುವುದೂ, ಕಣ್ಣನ್ನು ಅಷ್ಟೇ ಸುಲಭವಾಗಿ ಸುಡುವುದೂ ಆ ನೀಲಿಯೇ. ಹಾಗಾಗಿ ಇದು ದುಡ್ಡು ಕೊಟ್ಟು ಅಪಾಯವನ್ನು ಮಾತ್ರ ಹೆಚ್ಚಿಸಿಕೊಳ್ಳುವ ಕೆಲಸ.

ನೀಲಿ ಇಷ್ಟು ಅಗ್ಗವಾದದ್ದಕ್ಕೆ ಒಂದು ಚರಿತ್ರೆ ಇದೆ. ಅರೆವಾಹಕದಿಂದ ಲೇಸರ್ ಬೆಳಕು ಮೊದಲು ಹೊಮ್ಮಿದ್ದು 1962ರಲ್ಲಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ರೂಪದಲ್ಲಿ. ಅದೇ ವರ್ಷ ನಿಕ್ ಹೊಲೊನ್ಯಾಕ್ ಕೆಂಪು ಬೆಳಕನ್ನೂ ತೆಗೆದರು. ನೀಲಿಯ ಕಡೆಗೆ ಹೋಗಲು ಮಾತ್ರ ಇನ್ನೂ ಮೂರು ದಶಕ ಬೇಕಾಯಿತು. ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ವಸ್ತುವನ್ನು ಒಲಿಸಿಕೊಂಡು ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಾಮುರಾ ನೀಲಿ-ನೇರಳೆ ಲೇಸರ್ ಡಯೋಡ್ ಮಾಡಿ ತೋರಿಸಿದ್ದು 1990ರ ದಶಕದ ನಡುಭಾಗದಲ್ಲಿ. ಆಮೇಲೆ ನೀಲಿಗೆ ದೊಡ್ಡ ದೊಡ್ಡ ಗಿರಾಕಿಗಳು ಸಿಕ್ಕರು. 2010ರಲ್ಲಿ ಕ್ಯಾಸಿಯೊ ಕಂಪನಿ ದೀಪದ ಬದಲು ನೀಲಿ ಲೇಸರ್ ಡಯೋಡುಗಳ ಸಾಲನ್ನೇ ಇಟ್ಟ ಡೇಟಾ ಪ್ರೊಜೆಕ್ಟರುಗಳನ್ನು ಮಾರುಕಟ್ಟೆಗೆ ತಂದಿತು. ಹವ್ಯಾಸಿಗಳು ಆ ಪ್ರೊಜೆಕ್ಟರುಗಳನ್ನು ಕೊಂಡು ಒಡೆದು, ಒಂದೊಂದು ವಾಟ್‌ನಷ್ಟು ಬೆಳಕು ಕೊಡುವ ಡಯೋಡುಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರಿದರು. ಈಗ ಮರ ಕೆತ್ತುವ, ಹಲಗೆ ಕತ್ತರಿಸುವ ಮೇಜಿನ ಮೇಲಿನ ಯಂತ್ರಗಳಿಗೂ ನೀಲಿಯೇ ಬೇಕು. ಲಕ್ಷಗಟ್ಟಲೆ ತಯಾರಾಗುವ ವಸ್ತು ಅಗ್ಗವಾಗಲೇಬೇಕು. ಹೆಚ್ಚು ಶಕ್ತಿಯ ಹಸಿರಿಗೂ ಕೆಂಪಿಗೂ ಅಂಥ ಗಿರಾಕಿಗಳು ಆ ಪ್ರಮಾಣದಲ್ಲಿ ಸಿಗಲಿಲ್ಲ. ನೇರವಾಗಿ ಹಸಿರು ಸೂಸುವ ಡಯೋಡ್ ಪ್ರಯೋಗಾಲಯದಲ್ಲಿ ಕಾಣಿಸಿಕೊಂಡದ್ದೇ 2009ರ ಸುಮಾರಿಗೆ.

ಇನ್ನು ಕಣ್ಣಿನ ವಿಷಯ. ನಮ್ಮ ಕಣ್ಣು ಎಲ್ಲ ಬಣ್ಣಕ್ಕೂ ಒಂದೇ ಬೆಲೆ ಕೊಡುವುದಿಲ್ಲ. ಬೆಳಕಿನಲ್ಲಿರುವ ಕಣ್ಣಿಗೆ ಅತಿ ಪ್ರಖರವಾಗಿ ಕಾಣುವುದು 555 ನ್ಯಾನೊಮೀಟರ್ ತರಂಗದೂರದ ಹಳದಿ-ಹಸಿರು. ಅದಕ್ಕೆ 100 ಅಂಕ ಕೊಟ್ಟರೆ, 520 ನ್ಯಾನೊಮೀಟರಿನ ಹಸಿರು ಡಯೋಡಿಗೆ ಸುಮಾರು 71 ಸಿಗುತ್ತದೆ, 638ರ ಕೆಂಪಿಗೆ 19. ಹಳೆಯ ಡಿವಿಡಿ ಯಂತ್ರಗಳ ಕಾಲದಿಂದ ಅಗ್ಗದ ಪೆಟ್ಟಿಗೆಗಳಲ್ಲಿ ಉಳಿದುಬಂದಿರುವ 650ರ ಕೆಂಪಿಗೆ ಬರೀ 11. ಇನ್ನು 445ರ ನೀಲಿಗೆ ಸಿಗುವುದು 3. ಇವು ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಸರಾಸರಿ ಕಣ್ಣಿನ ಅಂಕಗಳು. ಕತ್ತಲಿಗೆ ಪೂರ್ತಿ ಹೊಂದಿಕೊಂಡ ಕಣ್ಣಿಗೆ ನೀಲಿ ಇದಕ್ಕಿಂತ ಜಾಸ್ತಿ ಕಾಣುತ್ತದೆ, ಹೊಗೆ ತುಂಬಿದ ಸಭಾಂಗಣದಲ್ಲಿ ನೀಲಿ ಕಿರಣಕ್ಕೆ ಅದರದೇ ಆದ ಆಳವೂ ಇದೆ. ಆದರೆ ವೇದಿಕೆಯ ದೀಪಗಳ ನಡುವೆ ಕೂತ ಪ್ರೇಕ್ಷಕರ ಕಣ್ಣು ಪೂರ್ತಿ ಕತ್ತಲಿನ ಕಣ್ಣಲ್ಲ. ಅಂಥ ಕಡೆ 50 ಮಿಲಿವಾಟ್ ಹಸಿರು, ಒಂದಿಡೀ ವಾಟ್ ನೀಲಿಗಿಂತ ಹೆಚ್ಚು ಪ್ರಖರವಾಗಿ ಕಾಣುತ್ತದೆ ಎಂಬುದು ಈ ಅಂಕಗಳನ್ನು ಗುಣಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಬಿಳಿಯ ಲೆಕ್ಕ ಇದಕ್ಕಿಂತ ಕಣ್ತೆರೆಸುವಂಥದ್ದು. ಮೂರೂ ಕಿರಣಗಳನ್ನು ಬೆರೆಸಿ ಹಗಲಿನ ಬೆಳಕಿನಂಥ ಬಿಳಿ ಮಾಡಬೇಕಾದರೆ 520ರ ಹಸಿರಿನ ಒಂದು ಪಾಲಿಗೆ 638ರ ಕೆಂಪು ಸುಮಾರು 1.4 ಪಾಲು ಬೇಕು, 445ರ ನೀಲಿ ಅರ್ಧಕ್ಕಿಂತ ತುಸು ಹೆಚ್ಚು ಸಾಕು. ಕೆಂಪು 650ರದ್ದಾದರೆ ಅದೇ 1.4 ಪಾಲಿನ ಜಾಗಕ್ಕೆ 2.4 ಪಾಲು ಸುರಿಯಬೇಕು. ಈಗ 1 ವಾಟ್ ಎಂದು ಬರೆದ ಒಂದು ಅಗ್ಗದ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ 650ರ ಕೆಂಪು 200 ಮಿಲಿವಾಟ್, ಹಸಿರು 100, ನೀಲಿ 700. ಅದರಿಂದ ಸರಿಯಾದ ಬಿಳಿ ತೆಗೆಯಲು ಹೋದರೆ ಕೆಂಪು ಮೊದಲು ಮುಗಿದುಹೋಗುತ್ತದೆ. 200 ಕೆಂಪಿಗೆ 84ರಷ್ಟು ಹಸಿರು, 47ರಷ್ಟು ನೀಲಿ ಸೇರಿ ಒಟ್ಟು ಬಳಕೆಯಾಗುವುದು 330 ಮಿಲಿವಾಟ್. ಉಳಿದ ಮೂರರಲ್ಲಿ ಎರಡು ಪಾಲು ಶಕ್ತಿ ಬಿಳಿಗೆ ಉಪಯೋಗಕ್ಕೇ ಬರುವುದಿಲ್ಲ. ಅದೇ 1 ವಾಟನ್ನು 638ರ ಕೆಂಪು 475, ಹಸಿರು 335, ನೀಲಿ 190 ಎಂದು ಹಂಚಿದರೆ ಹೆಚ್ಚುಕಡಿಮೆ ಅಷ್ಟೂ ಬಿಳಿಯಾಗುತ್ತದೆ, ಆ ಬಿಳಿ ಮೊದಲಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಪ್ರಖರ. ಎರಡೂ ಪೆಟ್ಟಿಗೆಗಳ ಹಿಂಬದಿಯ ಚೀಟಿಯಲ್ಲಿ ಇರುವುದು 1 ವಾಟ್ ಎಂದೇ!

ಹಾಗಾಗಿ ಡಯೋಡ್ ಬದಲಿಸುವ ಆಸೆಯಿರುವವರಿಗೆ ನನ್ನ ಸಲಹೆಯ ಸಾರ ಇಷ್ಟು: ಮೊದಲು 650ರ ಕೆಂಪನ್ನು ತೆಗೆದು 638ರದ್ದನ್ನು ಹಾಕಿ, ಕೈಯಲ್ಲಿ ಇನ್ನೂ ದುಡ್ಡಿದ್ದರೆ ಹಸಿರಿಗೆ ಸುರಿಯಿರಿ, ನೀಲಿಯನ್ನು ಇದ್ದಲ್ಲೇ ಬಿಡಿ. ಮೊದಲ ಹೆಜ್ಜೆಯಲ್ಲಿ ವಾಟ್ ಒಂದಿಷ್ಟೂ ಹೆಚ್ಚದೆ ಕೆಂಪು ಗೆರೆಗಳ ಹೊಳಪು ಸುಮಾರು 1.8 ಪಟ್ಟು ಏರುತ್ತದೆ. ಕಿತ್ತಳೆ, ಹಳದಿ, ಚರ್ಮದ ಬಣ್ಣ ಎಲ್ಲವೂ ಆ ಕೆಂಪನ್ನೇ ನೆಚ್ಚಿಕೊಂಡಿವೆ.

ಕೆಂಪಿನ ಕೆಲಸ ಸುಲಭವಲ್ಲ, ಅದನ್ನು ಬಿಚ್ಚಿ ಹೇಳಬೇಕು. ಕೆಂಪು ಡಯೋಡ್ ಸೆಕೆಯನ್ನು ಸಹಿಸುವುದಿಲ್ಲ. ಅದರ ವಸ್ತುವಿನಲ್ಲಿ ಬಿಸಿ ಏರಿದಂತೆ ಎಲೆಕ್ಟ್ರಾನುಗಳು ಬೆಳಕಾಗಬೇಕಾದ ಪದರವನ್ನು ದಾಟಿ ಸೋರಿಹೋಗುತ್ತವೆ, ತರಂಗದೂರ ಕಡಿಮೆಯಾದಷ್ಟೂ ಈ ಸೋರಿಕೆ ಜಾಸ್ತಿ. 650ಕ್ಕಿಂತ 638 ಹೆಚ್ಚು ನಾಜೂಕಾಗಿರುವುದು ಈ ಕಾರಣಕ್ಕೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಬಯಲು ವೇದಿಕೆಯ ಮೇಲೆ ಬಿಸಿಲು ತಿಂದ ಪೆಟ್ಟಿಗೆಯನ್ನು ಸಂಜೆ ಹಚ್ಚಿದರೆ ಹಸಿರು, ನೀಲಿ ಸರಿಯಾಗಿಯೇ ಬರುತ್ತವೆ, ಕೆಂಪು ಮಂಕಾಗಿ ಬಿಳಿಯೆಲ್ಲ ಹಸಿರು ಮಿಶ್ರಿತ ನೀಲಿಗೆ ತಿರುಗುತ್ತದೆ. ಇದಕ್ಕೆ ಉಪಾಯವೆಂದು ಡಯೋಡಿನ ಕೆಳಗೆ ಪೆಲ್ಟಿಯರ್ ತಟ್ಟೆ ಇಟ್ಟು ತಣ್ಣಗೆ ಮಾಡುತ್ತಾರೆ. ಅದೇ ಪೆಟ್ಟಿಗೆ ಮಂಗಳೂರಿಗೋ ಉಡುಪಿಗೋ ಹೋದರೆ ಇನ್ನೊಂದು ತೊಂದರೆ ಎದುರಾಗುತ್ತದೆ. ಕರಾವಳಿಯ ಒದ್ದೆ ಗಾಳಿಯಲ್ಲಿ ಅತಿಯಾಗಿ ತಣ್ಣಗಾದ ಲೋಹದ ಮೇಲೂ ಮಸೂರದ ಮೇಲೂ ನೀರಿನ ಹನಿ ಕೂರುತ್ತದೆ. ತಂಪನ್ನು ಆ ಊರಿನ ಇಬ್ಬನಿ ಬೀಳುವ ಉಷ್ಣತೆಗಿಂತ ಮೇಲೆ ಹಿಡಿದಿಡಬೇಕು. ಹೊರದೇಶದ ಕೈಪಿಡಿಯಲ್ಲಿರುವ ಸಂಖ್ಯೆಯನ್ನು ಹಾಗೇ ಎತ್ತಿ ಬಳಸುವ ಹಾಗಿಲ್ಲ.

ಡಯೋಡಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡಿನ ಮಾತೂ ಇದೆ. ಲೇಸರ್ ಡಯೋಡಿಗೆ ಬೇಕಿರುವುದು ಸ್ಥಿರವಾದ ಕರೆಂಟ್. ಕ್ಷಣಮಾತ್ರ ಮಿತಿ ಮೀರಿದರೂ ಅದರ ಮುಖ ಸುಟ್ಟು ಹೋಗುತ್ತದೆ, ಒಣ ಬೆರಳ ತುದಿಯ ಸ್ಥಾಯಿ ವಿದ್ಯುತ್ತು ಕೂಡ ಸಾಕು. ಕೆಂಪು ಡಯೋಡ್ ಎರಡೂವರೆ ವೋಲ್ಟಿನ ಆಸುಪಾಸಿನಲ್ಲಿ ಓಡಿದರೆ, ನೇರ ಹಸಿರಿನದು ನಾಲ್ಕೂವರೆಯಿಂದ ಆರು ವೋಲ್ಟ್ ಕೇಳುತ್ತದೆ. ಹಳೆಯ ಹಸಿರು ಮಾಡ್ಯೂಲಿನ ಬೋರ್ಡಿಗೆ 5 ವೋಲ್ಟಿನ ಸರಬರಾಜು ಮಾತ್ರ ಇದ್ದರೆ ಹೊಸ ಡಯೋಡ್ ಅರೆಬರೆ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ಇದಕ್ಕಿಂತ ದೊಡ್ಡ ಮಾತೆಂದರೆ ಅಗ್ಗದ ಪೆಟ್ಟಿಗೆಗಳ ಬೋರ್ಡು ಡಯೋಡನ್ನು ಹಚ್ಚುವುದು ಇಲ್ಲವೇ ಆರಿಸುವುದನ್ನು ಮಾತ್ರ ಬಲ್ಲದು. ಮೂರು ಬಣ್ಣಗಳನ್ನು ಹಾಗೆ ಬೆರೆಸಿದರೆ ಒಟ್ಟು ಏಳೇ ಬಣ್ಣ. ಸೊನ್ನೆಯಿಂದ 5 ವೋಲ್ಟಿನವರೆಗಿನ ಸೂಚನೆಗೆ ತಕ್ಕಂತೆ ಬೆಳಕನ್ನು ಏರಿಸಿ ಇಳಿಸುವ ಅನಲಾಗ್ ಡ್ರೈವರ್ ಹಾಕಿದ ದಿನ ಆ ಪೆಟ್ಟಿಗೆಯ ಜಾತಿಯೇ ಬದಲಾಗುತ್ತದೆ. ಎರಡು ವಾಟ್ ಹೆಚ್ಚುವರಿ ನೀಲಿಯಿಂದ ಸಿಗದ ಸೊಗಸು ಮೂರು ಸಣ್ಣ ಬೋರ್ಡುಗಳಿಂದ ಸಿಗುತ್ತದೆ.

ಹೆಚ್ಚು ವಾಟ್ ಎಂದರೆ ಹೆಚ್ಚು ಚೂಪಾದ ಕಿರಣ ಎಂಬ ನಂಬಿಕೆಯೂ ಸುಳ್ಳು. ಡಯೋಡಿನಿಂದ ಹೆಚ್ಚು ಬೆಳಕು ತೆಗೆಯಲು ತಯಾರಕರು ಅದರ ಬಾಯಿಯನ್ನು ಅಗಲ ಮಾಡುತ್ತಾರೆ. ನೂರು ಮಿಲಿವಾಟ್ ಮಟ್ಟದ ಡಯೋಡಿನ ಬಾಯಿ ಒಂದೆರಡು ಮೈಕ್ರಾನ್ ಇದ್ದರೆ, ವಾಟ್‌ಗಟ್ಟಲೆ ಕೊಡುವ ಡಯೋಡಿನ ಬಾಯಿ ಒಂದು ದಿಕ್ಕಿನಲ್ಲಿ ಹತ್ತಾರು ಮೈಕ್ರಾನ್ ಅಗಲ. ಅಗಲವಾದ ಬಾಯಿಯಿಂದ ಹೊರಟ ಬೆಳಕನ್ನು ಯಾವ ಮಸೂರವೂ ಸಣ್ಣ ಚುಕ್ಕೆಯಾಗಿ ದೂರಕ್ಕೆ ಕಳಿಸಲಾರದು. ಅದು ಪಟ್ಟಿಯ ಹಾಗೆ ಹರಡಿ, ಗೋಡೆಯ ಮೇಲೆ ದಪ್ಪ ಗೆರೆಯಾಗುತ್ತದೆ. ಸಿಲಿಂಡರ್ ಆಕಾರದ ಮಸೂರಗಳ ಜೋಡಿಯಿಂದ ಕಿರಣವನ್ನು ಒಂದು ದಿಕ್ಕಿಗೆ ಹಿಗ್ಗಿಸಿ ಆ ಹರಡುವಿಕೆಯನ್ನು ತಗ್ಗಿಸಬಹುದು, ಆದರೆ ಹಿಗ್ಗಿದ ಕಿರಣ, ಅದನ್ನು ಅತ್ತಿತ್ತ ಓಡಿಸಿ ಚಿತ್ರ ಬಿಡಿಸುವ ಗ್ಯಾಲ್ವೊ ಎಂಬ ಮೋಟಾರಿನ ಪುಟಾಣಿ ಕನ್ನಡಿಯಲ್ಲಿ ಹಿಡಿಸಬೇಕಲ್ಲ! ಅಂಚಿನಲ್ಲಿ ಚೆಲ್ಲಿದ ಬೆಳಕು ಪೆಟ್ಟಿಗೆಯ ಒಳಗೋಡೆಗೆ ಬಡಿದು ಬಿಸಿಯಾಗುತ್ತದೆ. ಇಷ್ಟಾದ ಮೇಲೆ ಗೋಡೆಯ ಮೇಲೆ ಒಂದು ಚದರ ಮಿಲಿಮೀಟರಿಗೆ ಬೀಳುವ ಬೆಳಕು ಮೊದಲಿಗಿಂತ ಕಡಿಮೆಯಾದರೂ ಆಶ್ಚರ್ಯವಿಲ್ಲ. ಗ್ಯಾಲ್ವೊ ನಿಧಾನವಾಗಿದ್ದರಂತೂ ಯಾವ ಡಯೋಡ್ ಹಾಕಿದರೂ ಚಿತ್ರ ಮಿಣುಕುತ್ತಲೇ ಇರುತ್ತದೆ.

ಹಳೆಯ 532 ನ್ಯಾನೊಮೀಟರಿನ ಹಸಿರು ಮಾಡ್ಯೂಲನ್ನು ತೆಗೆದು ನೇರ ಹಸಿರು ಡಯೋಡ್ ಹಾಕುವುದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಹಳೆಯದರಲ್ಲಿ 808 ನ್ಯಾನೊಮೀಟರಿನ ಇನ್‌ಫ್ರಾರೆಡ್ ಡಯೋಡ್ ಒಂದು ಹರಳನ್ನು ಕೆಣಕಿ 1064ರ ಬೆಳಕು ಹೊರಡಿಸುತ್ತದೆ, ಇನ್ನೊಂದು ಹರಳು ಅದರ ತರಂಗದೂರವನ್ನು ಅರ್ಧಕ್ಕಿಳಿಸಿ ಹಸಿರು ಮಾಡುತ್ತದೆ. ಕೊನೆಯಲ್ಲಿ ಇನ್‌ಫ್ರಾರೆಡ್ ತಡೆಯುವ ಒಂದು ಫಿಲ್ಟರ್ ಇರಬೇಕು. ದುಡ್ಡು ಉಳಿಸಲು ಆ ಫಿಲ್ಟರನ್ನೇ ಕೈಬಿಡುವವರಿದ್ದಾರೆ. 2010ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಪರೀಕ್ಷಿಸಿದ 10 ಮಿಲಿವಾಟ್ ಎಂದು ಬರೆದಿದ್ದ ಒಂದು ಹಸಿರು ಪಾಯಿಂಟರಿನಿಂದ ಸುಮಾರು 20 ಮಿಲಿವಾಟ್ ಇನ್‌ಫ್ರಾರೆಡ್ ಹೊರಬರುತ್ತಿತ್ತು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ನೇರ ಹಸಿರು ಡಯೋಡಿನಲ್ಲಿ ಈ ಗುಪ್ತ ಬೆಳಕಿನ ಪ್ರಶ್ನೆಯೇ ಇಲ್ಲ, ಅನಲಾಗ್ ಡ್ರೈವರಿನ ಮಾತನ್ನೂ ಅದು ಚೆನ್ನಾಗಿ ಕೇಳುತ್ತದೆ.

ಅಪಾಯದ ಮಾತನ್ನು ಅಂಕಿಯಲ್ಲೇ ಆಡುವುದು ಒಳ್ಳೆಯದು. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದು, ರೆಪ್ಪೆ ಮುಚ್ಚುವಷ್ಟರಲ್ಲಿ, ಅಂದರೆ ಕಾಲು ಸೆಕೆಂಡಿನಲ್ಲಿ, ಒಂದು ಚದರ ಸೆಂಟಿಮೀಟರಿಗೆ ಸುಮಾರು 2.5 ಮಿಲಿವಾಟ್ ವರೆಗಿನ ಕಾಣುವ ಲೇಸರ್ ಬೆಳಕನ್ನು ಕಣ್ಣು ತಾಳಬಲ್ಲದು ಎಂಬುದು ಅಂತರರಾಷ್ಟ್ರೀಯ ಮಿತಿ. ಒಂದು ವಾಟ್‌ನ ಸಾಧಾರಣ ಕಿರಣ 20 ಮೀಟರ್ ದೂರದಲ್ಲಿ ಎರಡು ಸೆಂಟಿಮೀಟರಿಗಿಂತ ತುಸು ಅಗಲವಾಗಿರುತ್ತದೆ. ಅಲ್ಲಿ ಒಂದು ಚದರ ಸೆಂಟಿಮೀಟರಿಗೆ ಬೀಳುವುದು 240 ಮಿಲಿವಾಟ್, ಮಿತಿಯ ತೊಂಬತ್ತಕ್ಕೂ ಹೆಚ್ಚು ಪಟ್ಟು. ಕಣ್ಣಿನ ಮಸೂರ ಅದನ್ನು ರೆಟಿನಾದ ಮೇಲೆ ಒಂದು ಬಿಂದುವಿಗೆ ಕೂಡಿಸಿದಾಗ ಸಾಂದ್ರತೆ ಲಕ್ಷ ಪಟ್ಟು ಏರುತ್ತದೆ. ಕಿರಣ ಓಡಾಡುತ್ತಿರುವಾಗ ಕಣ್ಣಿಗೆ ತಗಲುವ ಹೊತ್ತು ಕಡಿಮೆ ನಿಜ. ಗ್ಯಾಲ್ವೊ ಕೆಟ್ಟು ಕಿರಣ ಒಂದೇ ಕಡೆ ನಿಂತಾಗ? ಒಳ್ಳೆಯ ಪೆಟ್ಟಿಗೆಗಳಲ್ಲಿ ಆ ಕ್ಷಣ ಬೆಳಕನ್ನು ಕಡಿಯುವ ರಕ್ಷಣಾ ಬೋರ್ಡು ಇರುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಉಳಿತಾಯಕ್ಕೆ ಬಲಿಯಾಗುವುದು ಅದೇ. ಈ 2.5ರ ಮಿತಿ ಕೆಂಪಿಗೂ ಹಸಿರಿಗೂ ನೀಲಿಗೂ ಒಂದೇ ಎಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. 100ಕ್ಕೆ 3 ಅಂಕದಷ್ಟು ಮಾತ್ರ ಕಾಣುವ ನೀಲಿಯ ಒಂದು ವಾಟ್, ಸುಡುವುದರಲ್ಲಿ ಪೂರ್ತಿ ಒಂದು ವಾಟ್.

ಇದು ಬರೀ ಕಾಗದದ ಮೇಲಿನ ಭಯವಲ್ಲ. 2008ರ ಜುಲೈಯಲ್ಲಿ ರಷ್ಯಾದ ಕಿರ್ಜಾಚ್ ಬಳಿ ನಡೆದ ಬಯಲು ಸಂಗೀತೋತ್ಸವದಲ್ಲಿ ಮಳೆಗೆಂದು ಹೊದಿಕೆ ಕಟ್ಟಿದ್ದರು. ಆಕಾಶಕ್ಕೆ ಹೋಗಬೇಕಿದ್ದ ಲೇಸರ್ ಜನರ ಮೇಲೆ ಬಿತ್ತು, ಹಲವು ಯುವಕರು ರೆಟಿನಾ ಸುಟ್ಟುಕೊಂಡು ಆಸ್ಪತ್ರೆ ಸೇರಿದರು. ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ ಗಣೇಶೋತ್ಸವದ ಮೆರವಣಿಗೆ ನೋಡಿದವರ ಕಣ್ಣಿಗೆ ಪೆಟ್ಟಾದ ಸುದ್ದಿ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಈ ಚರ್ಚೆ ಜೋರಾಯಿತು. 2024ರಲ್ಲಿ ಪುಣೆ ಪೊಲೀಸರು ಹಬ್ಬದ ಕಾಲಕ್ಕೆ ಲೇಸರ್ ಬೀಮ್ ದೀಪಗಳನ್ನು ನಿಷೇಧಿಸಿದರು. ಪೆಟ್ಟಿಗೆಗಳನ್ನು ಟ್ರ್ಯಾಕ್ಟರಿನ ಮೇಲೆ ಆಳೆತ್ತರದಲ್ಲಿ ಕಟ್ಟಿ, ಮುಂದೆ ಕುಣಿಯುವ ಮಕ್ಕಳ ಮುಖಕ್ಕೆ ಬಿಡುವುದನ್ನು ನಮ್ಮ ಊರುಗಳಲ್ಲೂ ನೋಡುತ್ತೇವೆ.

ಅಮೆರಿಕದ ನಿಯಮದಲ್ಲಿ ಒಂದು ಮಾತು ನನಗೆ ಬಹಳ ಸರಿ ಎನಿಸುತ್ತದೆ. ಪ್ರಮಾಣೀಕರಿಸಿದ ಲೇಸರ್ ಉಪಕರಣದ ಬೆಳಕಿನ ಗುಣವೋ ರಕ್ಷಣೆಯೋ ಬದಲಾಗುವಂತೆ ಅದನ್ನು ಮಾರ್ಪಡಿಸಿದವನನ್ನು ಕಾನೂನು ತಯಾರಕನೆಂದೇ ಎಣಿಸುತ್ತದೆ. ಅದನ್ನು ಅವನು ಹೊಸದಾಗಿ ಪ್ರಮಾಣೀಕರಿಸಿ, ಹೊಸ ಚೀಟಿ ಅಂಟಿಸಬೇಕು. ಡಯೋಡ್ ಬದಲಿಸುವ ಹವ್ಯಾಸಿ ಇದನ್ನು ಕಾನೂನಿನ ಕಿರುಕುಳ ಎಂದುಕೊಳ್ಳಬಾರದು, ತನಗೆ ಸಿಗಬೇಕಾದ ಗೌರವ ಎಂದುಕೊಳ್ಳಬೇಕು. ತಯಾರಕನಾದವನು ಮೂರು ಬಣ್ಣದ ಶಕ್ತಿಯನ್ನೂ ಪವರ್ ಮೀಟರಿನಲ್ಲಿ ಬೇರೆಬೇರೆಯಾಗಿ ಅಳೆದು ಬರೆಯುತ್ತಾನೆ. ಕನ್ನಡಿಗಳನ್ನು ಹೊಂದಿಸುವಾಗ ಕರೆಂಟನ್ನು ಲೇಸರ್ ಹೊತ್ತುವ ಹೊಸ್ತಿಲಿನ ತುಸು ಮೇಲಷ್ಟೇ ಇಡುತ್ತಾನೆ, ಆಯಾ ತರಂಗದೂರಕ್ಕೆ ತಕ್ಕ ಕನ್ನಡಕ ಹಾಕುತ್ತಾನೆ. ಅರ್ಧ ವಾಟ್ ದಾಟಿದ ಲೇಸರ್ ಅತ್ಯಂತ ಅಪಾಯಕಾರಿಯಾದ ನಾಲ್ಕನೇ ವರ್ಗಕ್ಕೆ ಸೇರುತ್ತದೆ ಎಂಬುದು ಅವನಿಗೆ ಗೊತ್ತಿರುತ್ತದೆ.

ನನ್ನ ವಾದಕ್ಕೆ ಬರುವ ದೊಡ್ಡ ಆಕ್ಷೇಪ ಬಯಲಿನದು. ಸಾವಿರಾರು ಜನ ಸೇರಿದ ಮೈದಾನದಲ್ಲಿ, ಹೊಗೆ ನಿಲ್ಲದ ಗಾಳಿಯಲ್ಲಿ, 1 ವಾಟ್ ಏನೂ ಕಾಣುವುದಿಲ್ಲ ಎನ್ನುತ್ತಾರೆ. ಅದು ಸತ್ಯ. ಅಂಥ ಕಡೆ ಹತ್ತಾರು ವಾಟ್ ಬೇಕೇ ಬೇಕು. ಆದರೆ ಅಲ್ಲಿಗೆ ಬೇಕಿರುವುದು ಅದಕ್ಕೆಂದೇ ಮಾಡಿದ ಯಂತ್ರ, ಅದನ್ನು ಬಲ್ಲ ಕೈ. ಸಭಾಂಗಣಕ್ಕೆಂದು ಮಾಡಿದ ಅಗ್ಗದ ಪೆಟ್ಟಿಗೆಯ ತಂಪು ವ್ಯವಸ್ಥೆ, ಕನ್ನಡಿ, ಗ್ಯಾಲ್ವೊ ಯಾವುದೂ ಆ ಶಕ್ತಿಗೆ ಸಿದ್ಧವಾಗಿಲ್ಲ. ಒಳಾಂಗಣಕ್ಕೆ 1 ವಾಟ್ ಕಡಿಮೆ ಎನ್ನುವವರು ಲೇಸರಿಯಂ ಪ್ರದರ್ಶನವನ್ನು ನೆನೆಯಬೇಕು. ಇವಾನ್ ಡ್ರೈಯರ್ 1973ರ ನವೆಂಬರಿನಲ್ಲಿ ಲಾಸ್ ಏಂಜಲಿಸ್‌ನ ಗ್ರಿಫಿತ್ ವೀಕ್ಷಣಾಲಯದ ಗುಮ್ಮಟದ ಕೆಳಗೆ ಅದನ್ನು ಶುರುಮಾಡಿದಾಗ ಬಳಸಿದ್ದು ಸುಮಾರು ಒಂದು ವಾಟ್‌ನ ಕ್ರಿಪ್ಟಾನ್ ಅನಿಲ ಲೇಸರ್. ಅಲ್ಲಿ ಅದು 2002ರವರೆಗೆ ನಡೆಯಿತು. ಚಿತ್ರಗಳು ಮೂಡುತ್ತಿದ್ದುದು ಜನರ ತಲೆಯ ಮೇಲಿನ ಗುಮ್ಮಟದಲ್ಲಿ. ಕತ್ತಲು, ಸಂಗೀತ, ನಿಧಾನವಾಗಿ ಬಿಚ್ಚಿಕೊಳ್ಳುವ ಗೆರೆಗಳು, ಇಷ್ಟನ್ನೇ ನೆಚ್ಚಿ ಒಂದು ಕಲೆಯೇ ಬೆಳೆಯಿತು.

ಇನ್ನೊಂದು ತುದಿಯಿಂದ, ಇದೆಲ್ಲ ಬೇಡ, ಪುಣೆಯ ಹಾಗೆ ನಿಷೇಧಿಸಿಬಿಡಿ ಎಂಬ ಮಾತು ಬರುತ್ತದೆ. ಮೆರವಣಿಗೆಯ ಮಟ್ಟಿಗೆ ನಾನು ಆ ನಿಷೇಧದ ಪರ. ನಡೆಯುವ ಜನ, ಅಲುಗುವ ವಾಹನ, ಎತ್ತರ ತಗ್ಗಿನ ರಸ್ತೆ ಇರುವಲ್ಲಿ ಕಿರಣವನ್ನು ಜನರ ತಲೆಯ ಮೇಲೆಯೇ ಹಿಡಿದಿಡಲು ಯಾರಿಂದಲೂ ಆಗದು. ಸಭಾಂಗಣದ ಕಾರ್ಯಕ್ರಮ ಬೇರೆ. ಪ್ರೇಕ್ಷಕರು ನಿಲ್ಲುವ ನೆಲದಿಂದ 3 ಮೀಟರ್ ಮೇಲೆ, ಪಕ್ಕದಲ್ಲಿ ಎರಡೂವರೆ ಮೀಟರ್ ದೂರ ಕಿರಣವನ್ನು ಇಡಬೇಕೆಂಬ ಅಮೆರಿಕದ ಅಳತೆಯನ್ನು ನಮ್ಮ ಯಾವ ಪಟ್ಟಣದ ರಂಗಮಂದಿರದಲ್ಲೂ ಪಾಲಿಸಬಹುದು; ಅದಕ್ಕೆ ಬೇಕಿರುವುದು ಒಂದು ಟೇಪು, ಪೆಟ್ಟಿಗೆಯ ಮುಂದೆ ಕೆಳಭಾಗವನ್ನು ಮರೆಮಾಡುವ ಒಂದು ಲೋಹದ ತಗಡು. ಕಾರ್ಯಕ್ರಮಕ್ಕೆ ಧ್ವನಿವರ್ಧಕದ ಅನುಮತಿ ಕೊಡುವಾಗ ಪೊಲೀಸರು ಡೆಸಿಬಲ್ ಮಿತಿಯ ಬಗ್ಗೆ ಕೇಳುವ ಹಾಗೆಯೇ, ಲೇಸರ್ ಇದ್ದರೆ ಮೂರು ಬಣ್ಣದ ಶಕ್ತಿ ಎಷ್ಟೆಷ್ಟು, ಕಿರಣ ನೆಲದಿಂದ ಎಷ್ಟು ಎತ್ತರದಲ್ಲಿ ಎಂದು ಕೇಳಲಿ. ಈ ಎರಡು ಪ್ರಶ್ನೆಗೆ ಉತ್ತರ ಬರೆಯಲಾಗದ ಪೆಟ್ಟಿಗೆಯನ್ನು ಅಂದಿನ ಕಾರ್ಯಕ್ರಮಕ್ಕೆ ಹಚ್ಚಲು ಬಿಡಬಾರದು.